ಜ್ವರವಿಲ್ಲದ ಪೈಪು

ಕಬ್ಬಿಣ ಮರ್ಯಾದಸ್ಥ ಲೋಹ. ಕಾಯಿಸುತ್ತಾ ಹೋದರೆ ಮೊದಲು ಮಂಕು ಕೆಂಪಾಗುತ್ತದೆ, ಆಮೇಲೆ ಕಿತ್ತಳೆ, ಆಮೇಲೆ ಹಳದಿ. ‘ಸ್ವಾಮಿ, ಇಷ್ಟು ಸಾಕು’ ಎಂದು ಬಣ್ಣದಲ್ಲೇ ಹೇಳಿಬಿಡುತ್ತದೆ. ಅಲ್ಯೂಮಿನಿಯಂಗೆ ಈ ಸಂಸ್ಕಾರವಿಲ್ಲ. ತಣ್ಣಗಿದ್ದಾಗಲೂ ಬೆಳ್ಳಗೆ, 400 ಡಿಗ್ರಿಯಲ್ಲೂ ಬೆಳ್ಳಗೆ, 660 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಕರಗುವ ಗಳಿಗೆಯಲ್ಲೂ ಬೆಳ್ಳಗೇ. ಬೇರೆ ಲೋಹ ಬೆರೆತಿದ್ದರೆ ಇನ್ನೂ ಮುಂಚೆಯೇ ಕೈಬಿಡುತ್ತದೆ. ಇದೆಲ್ಲ ನನಗೆ ಮೊದಲೇ ಗೊತ್ತಿತ್ತು. ಎಲ್ಲ ಗೊತ್ತಿದ್ದವನು ಏನು ಮಾಡಿದ ಎಂಬುದನ್ನು ನಮ್ಮ ಮನೆಯಲ್ಲಿ ಈಗಲೂ ಬಂದವರಿಗೆಲ್ಲ ಕಾಫಿಯ ಜೊತೆ ಹೇಳುತ್ತಾರೆ. ಅವರು ಹೇಳುವುದರಲ್ಲಿ ಉತ್ಪ್ರೇಕ್ಷೆ ಇದೆ. ಆದ್ದರಿಂದ ನಾನೇ ಬರೆಯುತ್ತಿದ್ದೇನೆ.

ಶ್ರಾವಣ ಹುಣ್ಣಿಮೆಗೆ ಮುಂಚಿನ ಶುಕ್ರವಾರ ವರಮಹಾಲಕ್ಷ್ಮಿ ಹಬ್ಬ. ಪೂಜೆಗೆ ಕೂರಿಸುವ ಕಲಶದ ಹಿಂದೆ ಒಂದು ಕಮಾನು ಇದ್ದರೆ ಹೂವಿನ ಸರ ಇಳಿಬಿಡಬಹುದು ಎಂದು ನನ್ನ ಹೆಂಡತಿಗೆ ಅನ್ನಿಸಿತು. ಫೋನಿನಲ್ಲಿ ಒಂದನ್ನು ನೋಡಿಯೂ ಇಟ್ಟಿದ್ದಳು. “ರೀ, ಇದನ್ನ ತರಿಸಿಬಿಡಲಾ? ಎರಡು ದಿನದಲ್ಲಿ ಮನೆಗೇ ಬರುತ್ತಂತೆ” ಎಂದಳು.

ಮಹಡಿಯ ಮೇಲೆ ವೈಸು, ಗರಗಸ, ಡ್ರಿಲ್ಲು ಎಲ್ಲ ಇಟ್ಟುಕೊಂಡ ಗಂಡಸಿನ ಮುಂದೆ ಆಡುವ ಮಾತೇ ಇದು? “ಒಂದು ಪೈಪು ಬಗ್ಗಿಸೋದಕ್ಕೆ ಕೊರಿಯರ್‌ನವನು ಬರಬೇಕೇನೇ?” ಎಂದೆ. ಅವಳು ಫೋನು ಕೆಳಗಿಟ್ಟಳು. ಕಮಾನಿನ ಯೋಚನೆ ಮಾತ್ರ ಕೆಳಗಿಡಲಿಲ್ಲ ಎಂಬುದನ್ನು ಆಗ ನಾನು ಗಮನಿಸಲಿಲ್ಲ.

ಎಸ್.ಪಿ. ರಸ್ತೆಗೆ ಹೋದೆ. ಒಂದು ಇಂಚು ದಪ್ಪ, 1.2 ಮಿಲಿಮೀಟರ್ ಗೋಡೆ, 12 ಅಡಿ ಉದ್ದದ ಪೈಪು. “ಯಾವ ಗ್ರೇಡು?” ಎಂದು ಗಂಭೀರವಾಗಿ ಕೇಳಿದೆ. ಅಂಗಡಿಯವನು “ಸಿಕ್ಸ್‌ಟಿ ಸಿಕ್ಸ್‌ಟಿ ತ್ರೀ ಸಾರ್, ಕಿಟಕಿಗೆಲ್ಲ ಇದೇ ಹಾಕೋದು” ಎಂದ. 6063 ಅಂದರೆ ಮೆಗ್ನೀಷಿಯಂ ಮತ್ತು ಸಿಲಿಕಾನ್ ಬೆರೆತ ಅಲ್ಯೂಮಿನಿಯಂ ಎಂದು ನಾನು ಅವನಿಗೆ ವಿವರಿಸಿದೆ. ಅವನು ಅಷ್ಟರಲ್ಲಿ ಮುಂದಿನ ಗಿರಾಕಿಯ ಹತ್ತಿರ ಮಾತಾಡುತ್ತಿದ್ದ. ಪೈಪಿನ ಅರ್ಧ ಭಾಗ ಆಟೋದ ಹೊರಗೆ, ಅರ್ಧ ಭಾಗ ನನ್ನ ಕಂಕುಳಲ್ಲಿ. ಮೀಟರ್ ಮೇಲೆ ಎಷ್ಟು ಎಂದು ಕೇಳಿದರೆ ಡ್ರೈವರು, “ನಿಮಗೇನೂ ಬೇಡ ಸಾರ್, ಇವರದ್ದು ಕೊಡಿ” ಎಂದು ಪೈಪಿನ ಕಡೆ ಕೈ ತೋರಿಸಿದ.

ಹೆಂಡತಿ ಕೇಳಿದ್ದು ಅರ್ಧ ಚಂದ್ರಾಕಾರದ ಸಾದಾ ಕಮಾನು. ನಾನು ಕಾಗದದ ಮೇಲೆ ಬರೆದದ್ದು ಎರಡು ಕಡೆ ದುಂಡನೆಯ ಭುಜ, ಮೇಲೆ ನೇರ ತೊಲೆ ಇರುವ ಮಹಾದ್ವಾರ. ಐದಡಿ ಎತ್ತರ, ಮೂರಡಿ ಅಗಲ. ದೇವಿ ಬರುವಾಗ ತಲೆ ತಗ್ಗಿಸಬಾರದಲ್ಲ.

ಇಂಥ ಪೈಪನ್ನು ಹಾಗೇ ಹಿಡಿದು ಬಗ್ಗಿಸಿದರೆ ಹೊರಮೈ ಜಗ್ಗಿ ತೆಳುವಾಗುತ್ತದೆ, ಒಳಮೈ ಸುಕ್ಕಾಗುತ್ತದೆ, ನಡುವೆ ದುಂಡಗಿದ್ದದ್ದು ಚಪ್ಪಟೆಯಾಗಿ ಕೊನೆಗೆ ಪಟಕ್ಕನೆ ಮಡಿಚಿಕೊಳ್ಳುತ್ತದೆ. ಕಾರ್ಖಾನೆಯಲ್ಲಿ ಇದನ್ನು ಬೇಕೆಂದೇ ಗಟ್ಟಿ ಮಾಡಿ ಕಳಿಸಿರುತ್ತಾರೆ. 175 ಡಿಗ್ರಿಯ ಆಸುಪಾಸಿನಲ್ಲಿ ಗಂಟೆಗಟ್ಟಲೆ ಇಟ್ಟರೆ ಮೆಗ್ನೀಷಿಯಂ, ಸಿಲಿಕಾನ್ ಎರಡೂ ಕೂಡಿಕೊಂಡು ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳಾಗಿ ಲೋಹದೊಳಗೆ ಅಲ್ಲಲ್ಲಿ ಕೂತುಬಿಡುತ್ತವೆ, ಪದರಗಳು ಜಾರದಂತೆ ತಡೆಯುತ್ತವೆ. ಆ ಬಿಗಿ ಬಿಡಿಸುವ ವಿದ್ಯೆಯೇ ಅನೀಲಿಂಗ್. ಶಾಸ್ತ್ರೋಕ್ತವಾಗಿ ಮಾಡುವವರು 415 ಡಿಗ್ರಿಯಲ್ಲಿ ಎರಡು ಮೂರು ಗಂಟೆ ಕುಲುಮೆಯಲ್ಲಿಟ್ಟು ನಿಧಾನವಾಗಿ ಆರಿಸುತ್ತಾರೆ. ನನ್ನ ಹತ್ತಿರ ಇದ್ದದ್ದು ಕೈಯಲ್ಲಿ ಹಿಡಿಯುವ ಗ್ಯಾಸ್ ಟಾರ್ಚು ಮತ್ತು ಅಪಾರ ಆತ್ಮವಿಶ್ವಾಸ.

ಬಣ್ಣ ಹೇಳದ ಲೋಹದ ಉಷ್ಣತೆಯನ್ನು ತಿಳಿಯುವುದು ಹೇಗೆ? ಕೊರೋನಾ ಕಾಲದಲ್ಲಿ ಕೊಂಡ, ಹಣೆಗೆ ಗುರಿಯಿಟ್ಟು ನೋಡುವ ಥರ್ಮಾಮೀಟರ್ ಔಷಧಿ ಡಬ್ಬಿಯಲ್ಲಿತ್ತು. ಪೈಪನ್ನು ಚೆನ್ನಾಗಿ ಕಾಯಿಸಿ, ಹಣೆ ಎಲ್ಲಿರಬಹುದು ಎಂದು ಅಂದಾಜು ಮಾಡಿ ಗುರಿಯಿಟ್ಟೆ. ಅದು ಹಸಿರು ದೀಪ ಹತ್ತಿಸಿ, ಉಷ್ಣತೆ ಕಡಿಮೆ ಎಂದಿತು. ಮೆಟ್ಟಿಲ ಬಳಿ ನಿಂತಿದ್ದ ಮಗಳು, “ಅಪ್ಪಾ, ಪೈಪಿಗೆ ಜ್ವರ ಇಲ್ವಂತೆ, ಸ್ಕೂಲಿಗೆ ಕಳಿಸಬಹುದು” ಎಂದಳು. ಆಮೇಲೆ ಅವಳೇ ಹೇಳಿದಳು: ಹೊಳೆಯುವ ಅಲ್ಯೂಮಿನಿಯಂ ತನ್ನ ಶಾಖವನ್ನು ಕಿರಣವಾಗಿ ಹೊರಗೆ ಬಿಡುವುದೇ ಬಹಳ ಕಡಿಮೆ, ಕನ್ನಡಿ ಹಿಡಿದು ಸುತ್ತಲಿನದನ್ನೇ ತೋರಿಸುತ್ತದೆ, ಇಂಥ ಯಂತ್ರಗಳು ಅದರ ಮುಂದೆ ಮೋಸಹೋಗುತ್ತವೆ. ಯಂತ್ರವೇ ಮೋಸಹೋಗುವಲ್ಲಿ ನನ್ನನ್ನು ದೂರುವುದು ಯಾವ ನ್ಯಾಯ?

ಹಳಬರ ಉಪಾಯ ಸೋಪು. ಪೈಪಿನ ಮೇಲೆ ಒಣ ಸೋಪು ಉಜ್ಜಿ ಕಾಯಿಸಬೇಕು. ಸೋಪಿನ ಗೆರೆ ಕಂದಾಗಿ ಕಪ್ಪಾಗುವ ಹೊತ್ತಿಗೆ ಲೋಹ ಹದಕ್ಕೆ ಬಂದಿರುತ್ತದೆ, ಅಲ್ಲಿಗೆ ಬೆಂಕಿ ತೆಗೆಯಬೇಕು. ಬಟ್ಟೆ ಸೋಪು ಮುಗಿದಿತ್ತು. ಬಚ್ಚಲಿನಲ್ಲಿ ಸಿಕ್ಕಿದ್ದು ಹೊಸ ಮೈಸೂರು ಸ್ಯಾಂಡಲ್. ಟಾರ್ಚು ಹಚ್ಚಿ ಎರಡು ನಿಮಿಷವಾಗಿರಬೇಕು, ಕೆಳಗಿನಿಂದ ಅಮ್ಮನ ಧ್ವನಿ ಬಂತು: “ಪೂಜೆ ಶುರು ಮಾಡಿದ್ರೇನೋ? ನನ್ನನ್ನ ಯಾಕೆ ಕರೀಲಿಲ್ಲ?” ಇನ್ನೊಂದು ನಿಮಿಷಕ್ಕೆ ಗಂಧ ಹೋಗಿ ಕೊಬ್ಬು ಸುಟ್ಟ ವಾಸನೆ ಎದ್ದಿತು. ಆಗ ಅಮ್ಮ ಏನೂ ಕೇಳಲಿಲ್ಲ, ಕಿಟಕಿ ಹಾಕಿಕೊಂಡ ಸದ್ದು ಮಾತ್ರ ಕೇಳಿಸಿತು.

ಸೋಪು ಕಪ್ಪಾಯಿತು. ಹದ ಬಂತು. ಇನ್ನೂ ಸ್ವಲ್ಪ ಇರಲಿ ಎಂದು ಪೈಪಿನ ತುದಿಗೆ ಬೆಂಕಿ ಹಿಡಿದೆ. ಸಾಂಬಾರಿಗೆ ಇನ್ನೊಂದು ಕುದಿ ಬರಲಿ ಎನ್ನುವವರು ಇಲ್ಲವೇ? ತುದಿ ಬೆಳ್ಳಗೇ ಇತ್ತು, ನೆಟ್ಟಗೇ ಇತ್ತು, ಮರುಕ್ಷಣ ಅಲ್ಲಿರಲಿಲ್ಲ. ತೊಟ್ಟಿಕ್ಕಿ ನೆಲದ ಮೇಲೆ ಬೆಳ್ಳಿಯ ರೂಪಾಯಿಯಾಗಿ ಬಿದ್ದಿತ್ತು. ಇದನ್ನು ಮನೆಯವರು ‘ಕರಗಿಸಿಬಿಟ್ಟರು’ ಎನ್ನುತ್ತಾರೆ. ಪ್ರಯೋಗಶಾಲೆಯ ಭಾಷೆಯಲ್ಲಿ ಇದಕ್ಕೆ ಮೇಲಿನ ಮಿತಿ ಕಂಡುಹಿಡಿಯುವುದು ಎನ್ನುತ್ತಾರೆ. ಹಾಳಾದ ತುದಿಯನ್ನು ಗರಗಸದಿಂದ ಕತ್ತರಿಸಿದೆ. ಇನ್ನೊಂದು ತುದಿ ಇದಕ್ಕೆ ಸಮವಾಗಲಿ ಎಂದು ಅದನ್ನೂ ಕತ್ತರಿಸಿದೆ. ಮಹಾದ್ವಾರ ನಾಲ್ಕೂವರೆ ಅಡಿಗೆ ಬಂತು.

“ಅಮೆರಿಕದಲ್ಲಿ ಚಾರ್ಲ್ಸ್ ಮಾರ್ಟಿನ್ ಹಾಲ್ ಅಂತ ಒಬ್ಬ ಇದ್ದ” ಎಂದು ಊಟಕ್ಕೆ ಕೂತಾಗ ಶುರು ಮಾಡಿದೆ. “22 ವರ್ಷದ ಹುಡುಗ. 1886ರಲ್ಲಿ ಮನೆಯ ಹಿಂದಿನ ಸೌದೆ ಕೊಟ್ಟಿಗೆಯಲ್ಲೇ ವಿದ್ಯುತ್ ಹರಿಸಿ ಅಲ್ಯೂಮಿನಿಯಂ ತೆಗೆದುಬಿಟ್ಟ. ಅದೇ ವರ್ಷ ಫ್ರಾನ್ಸಿನಲ್ಲಿ ಎರೂ ಅನ್ನೋನೂ ಅದನ್ನೇ ಕಂಡುಹಿಡಿದ. ಇಬ್ಬರೂ ಹುಟ್ಟಿದ್ದು 1863ರಲ್ಲಿ, ತೀರಿಕೊಂಡದ್ದು 1914ರಲ್ಲಿ. ಒಂದು ಕಾಲದಲ್ಲಿ ಚಿನ್ನದ ಸಾಲಿನಲ್ಲಿ ಕೂರುತ್ತಿದ್ದ ಲೋಹ, ಇವರಿಂದ ಅನ್ನದ ತಪ್ಪಲೆ ಆಯ್ತು. ಎಲ್ಲ ದೊಡ್ಡ ಕೆಲಸವೂ ಇಂಥ ಕೊಟ್ಟಿಗೆಯಲ್ಲೇ ಆಗೋದು.”

“ಅವನ ಜೊತೆ ಯಾರೂ ಇರಲಿಲ್ವಾ?” ಎಂದಳು ಹೆಂಡತಿ.

“ಅಕ್ಕ ಇದ್ದಳು. ಜೂಲಿಯಾ. ಅವಳೂ ರಸಾಯನಶಾಸ್ತ್ರ ಓದಿದ್ದಳು.”

“ಹಾಗನ್ನಿ” ಎಂದು ಅನ್ನ ಬಡಿಸಿದಳು.

ಮಾರನೆಯ ದಿನ ಭುಜ ಎರಡೂ ಬರುವಲ್ಲಿ ಸೋಪು ಉಜ್ಜಿ, ಈ ಸಲ ಧಾರಾಳವಾಗಿಯೇ ಕಾಯಿಸಿ, ಬಕೆಟ್ ನೀರು ಸುರಿದೆ. ಉಕ್ಕು ಹಾಗೆ ಮಾಡಿದರೆ ಗಟ್ಟಿಯಾಗುತ್ತದೆ, ಅಲ್ಯೂಮಿನಿಯಂ ಮೆತ್ತಗೇ ಉಳಿಯುತ್ತದೆ. ಅಂಗೈಯಲ್ಲಿ ಒತ್ತಿದರೆ ಮಾತು ಕೇಳುವಷ್ಟು ಹದ. ಆಗಲೇ ಬಗ್ಗಿಸಿಬಿಡಬೇಕಿತ್ತು. ಅಷ್ಟರಲ್ಲಿ ಹೆಂಡತಿಯ ಅಣ್ಣ ಅತ್ತಿಗೆ ತುಮಕೂರಿನಿಂದ ಬಂದರು, ಅವರನ್ನು ಸೀರೆ ಅಂಗಡಿಗೆ ಕರೆದುಕೊಂಡು ಹೋಗಬೇಕಾಯಿತು, ಆಮೇಲೆ ಮಳೆ. ಪೈಪು ಮೂಲೆಯಲ್ಲಿ ನಿಂತಿತ್ತು. ನೆಂಟರು ಹೊರಟ ಮೇಲೆ ಹೋಗಿ ಮುಟ್ಟಿದರೆ ಮೊದಲಿನ ಮೃದುತ್ವವೇ ಇಲ್ಲ. ಯಾರೋ ಬದಲಾಯಿಸಿದ್ದಾರೆ ಎನ್ನಿಸಿತು.

ಬದಲಾಯಿಸಿದವರು ಯಾರೂ ಅಲ್ಲ, ಅದರ ಜಾತಿಯೇ ಹಾಗೆ. 1906ರಲ್ಲಿ ಜರ್ಮನಿಯ ಆಲ್ಫ್ರೆಡ್ ವಿಲ್ಮ್ ತಾಮ್ರ, ಮೆಗ್ನೀಷಿಯಂ ಬೆರೆಸಿದ ಅಲ್ಯೂಮಿನಿಯಂ ಕಾಯಿಸಿ, ನೀರಿಗದ್ದಿ, ಗಡಸುತನ ಅಳೆದ. ಅಂಥದ್ದೇನೂ ಇರಲಿಲ್ಲ. ವಾರಾಂತ್ಯ ಕಳೆದು ಬಂದು ಮತ್ತೆ ಅಳೆದರೆ ಅದೇ ತುಂಡು ತಾನಾಗಿಯೇ ಗಟ್ಟಿಯಾಗಿ ಕೂತಿತ್ತು. ಹಾಗೆ ಹುಟ್ಟಿದ್ದು ಡ್ಯುರಾಲುಮಿನ್. ಮುಂದೆ ಜೆಪ್ಪೆಲಿನ್ ವಾಯುನೌಕೆಗಳ ಅಸ್ಥಿಪಂಜರವೆಲ್ಲ ಅದರದ್ದೇ. ನನ್ನ ಪೈಪಿನಲ್ಲಿ ತಾಮ್ರದ ಬದಲು ಸಿಲಿಕಾನ್, ಆದರೆ ಬುದ್ಧಿ ಅದೇ. ಹದಕ್ಕಿಂತ ಹೆಚ್ಚು ಕಾಯಿಸಿ ನೀರು ಹೊಯ್ದರೆ ಒಳಗಿನದೆಲ್ಲ ಕರಗಿದಂತೆ ಇದ್ದು, ದಿನ ಕಳೆದಂತೆ ಮತ್ತೆ ಮೆಲ್ಲಗೆ ಗುಂಪುಗೂಡುತ್ತದೆ. ಇಷ್ಟನ್ನು ಹೆಂಡತಿಗೆ ವಿವರಿಸಿ, ವಿಲ್ಮನಿಗೂ ನನಗೂ ಆದದ್ದು ಒಂದೇ ಎಂದು ತೋರಿಸಿಕೊಟ್ಟೆ.

“ಇದಕ್ಕೆ ಜರ್ಮನಿವರೆಗೆ ಯಾಕೆ ಹೋಗಬೇಕು?” ಎಂದಳು. “ನಿಮ್ಮದೂ ಅದೇ ಅಲ್ವಾ? ಬೈದ ದಿನ ಮೆತ್ತಗೆ ‘ಆಯ್ತು ಕಣೇ, ನಾಳೆಯಿಂದ ವಾಕಿಂಗ್ ಹೋಗ್ತೀನಿ’ ಅಂತೀರಿ. ನಾಲ್ಕು ದಿನ ಬಿಟ್ಟು ಕೇಳಿದರೆ ಮತ್ತೆ ಅದೇ ಗಟ್ಟಿ.”

ಅಮ್ಮ ಮುಖಕ್ಕೆ ಸೆರಗು ಹಿಡಿದು ಒಳಗೆ ಹೋದರು.

ಮತ್ತೆ ಕಾಯಿಸಿದೆ. ಇನ್ನು ಮರಳು. ಪೈಪಿನೊಳಗೆ ಮರಳು ಬಿಗಿಯಾಗಿ ತುಂಬಿ ಎರಡೂ ತುದಿಗೆ ಮರದ ಬೆಣೆ ಹೊಡೆದರೆ ಬಗ್ಗಿಸುವಾಗ ಗೋಡೆ ಒಳಕ್ಕೆ ಕುಸಿಯುವುದಿಲ್ಲ. ಎದುರು ಮನೆ ಕಟ್ಟುತ್ತಿದ್ದವರ ಎಂ-ಸ್ಯಾಂಡ್ ಕೇಳಿ ತಂದೆ. ಅದನ್ನು ಸಣ್ಣ ಮಾಡಲು ಜರಡಿ ಬೇಕು. ಮನೆಯಲ್ಲಿದ್ದ ಜರಡಿ ಒಂದೇ, ರವೆ ಜಾಲಿಸುವುದು. ಮರಳಿನಲ್ಲಿ ತೇವ ಇರಲೇಬಾರದು. ಬೆಣೆ ಹೊಡೆದ ಮೇಲೆ ಬಿಸಿ ತಗುಲಿದರೆ ನೀರು ಆವಿಯಾಗಿ ಬೆಣೆ ಗುಂಡಿನ ವೇಗದಲ್ಲಿ ಹಾರುತ್ತದೆ. ಸುರಕ್ಷತೆಯ ವಿಷಯದಲ್ಲಿ ನಾನು ರಾಜಿ ಮಾಡಿಕೊಳ್ಳುವವನಲ್ಲ. ದೊಡ್ಡ ಬಾಣಲೆ ಒಲೆಯ ಮೇಲಿಟ್ಟು ಮರಳು ಹುರಿಯತೊಡಗಿದೆ.

“ಕಡಲೆಕಾಯಿ ಯಾವಾಗ ಹಾಕ್ತೀಯೋ?” ಎಂದರು ಅಮ್ಮ, ತಟ್ಟೆ ಹಿಡಿದು ಬಂದು.

ಬೆಣೆಗೆ ನೆಲ ಒರೆಸುವ ಮಾಪಿನ ಕೋಲು ಹೇಳಿ ಮಾಡಿಸಿದ ಅಳತೆಯದಾಗಿತ್ತು. ಅದು ಆಗ ಮುರಿದಿರಲಿಲ್ಲ ಎಂಬ ಆಕ್ಷೇಪ ಇದೆ. ಬಗ್ಗಿಸಲು ಅಚ್ಚು ಬೇಕಲ್ಲ, ಹಿತ್ತಲಿನಲ್ಲಿ ಅಜ್ಜಿಯ ಕಾಲದ ಒರಳುಕಲ್ಲು ಬಿದ್ದಿದೆ. ದುಂಡಗೆ, ಒಂಬತ್ತು ಇಂಚು ರೇಡಿಯಸ್ಸು, ಜಪ್ಪಯ್ಯ ಎಂದರೂ ಅಲುಗದು. ಗ್ರೈಂಡರ್ ಬಂದ ಮೇಲೆ ಅದಕ್ಕೆ ಸಿಕ್ಕ ಮೊದಲ ಉದ್ಯೋಗ ಇದು. ಪೈಪಿಗೆ ಮುಖ ಮಾಡಿ, ಕಾಲಿನಿಂದ ಒರಳನ್ನು ಒತ್ತಿ ಹಿಡಿದು (ಅಮ್ಮ ಈ ಭಾಗ ಓದದಿರಲಿ), ಉಸಿರು ಬಿಗಿಹಿಡಿದು ಎಳೆದೆ.

ಬಾಗಿತು! ಸುಕ್ಕಿಲ್ಲ, ಮಡಿಕೆಯಿಲ್ಲ, ಸುಂದರವಾದ ಭುಜ. ಸಂತೋಷದಲ್ಲಿ ಕೈ ಬಿಟ್ಟೆ. ಪೈಪು ಸ್ವಲ್ಪ ಹಿಂದಕ್ಕೆ ಸರಿಯಿತು. ಲೋಹದಲ್ಲಿ ಈ ಸ್ಥಿತಿಸ್ಥಾಪಕ ಬುದ್ಧಿ ಇರುತ್ತದೆ. ಬೇಕಾದ್ದಕ್ಕಿಂತ ತುಸು ಹೆಚ್ಚೇ ಬಗ್ಗಿಸಬೇಕು. ಆ ತುಸು ಎಷ್ಟು ಎಂದು ಲೆಕ್ಕ ಹಾಕುತ್ತಾ ಎರಡನೆಯ ಭುಜಕ್ಕೆ ಹೋದೆ. ಅಲ್ಲಿ ಮರಳು ಸರಿಯಾಗಿ ಕೂತಿರಲಿಲ್ಲವಂತೆ. ಪೈಪನ್ನು ತಟ್ಟಿ ತಟ್ಟಿ ತುಂಬಿಸಬೇಕು, ನಾನು ತಟ್ಟಿದ್ದೆ, ಮರಳು ಕೇಳಿಸಿಕೊಂಡಿರಲಿಲ್ಲ. ಒಂದು ಚಿಕ್ಕ ‘ಟಕ್’. ಅಷ್ಟೇ. ಭುಜ ಇರಬೇಕಾದಲ್ಲಿ ಮೊಣಕೈ ಬಂದಿತ್ತು.

ಮಡಿಚಿಕೊಂಡ ಪೈಪನ್ನು ನೆಟ್ಟಗೆ ಮಾಡಲು ಹೋಗಬಾರದು, ಬಿರಿಯುತ್ತದೆ. ಬಿರಿಯುತ್ತದೆ ಎಂಬುದು ಖಚಿತವಾಯಿತು. ಆ ಭಾಗವನ್ನು ಕತ್ತರಿಸಿ ತೆಗೆದು ಉಳಿದುದರಲ್ಲಿ ಮತ್ತೆ ಶುರು ಮಾಡಿದೆ. ಮಹಾದ್ವಾರ ಮೂರಡಿಗೆ, ಮೂರರಿಂದ ಎರಡೂಕಾಲಿಗೆ ಇಳಿಯಿತು. ಮಗಳು ದಿನವೂ ಟೇಪು ಹಿಡಿದು ಬಂದು ಎತ್ತರ ಬರೆದುಕೊಳ್ಳುತ್ತಿದ್ದಳು. “ಅಪ್ಪಾ, ಹೀಗೇ ಹೋದರೆ ಹಬ್ಬದ ಹೊತ್ತಿಗೆ ಬಳೆ ಆಗುತ್ತೆ” ಎಂದಳು.

ಬುಧವಾರ ಸಂಜೆ ಮನೆಗೆ ಬಂದರೆ ನಡುಮನೆಯಲ್ಲಿ ಐದಡಿ ಎತ್ತರದ ಕಮಾನು ನಿಂತಿದೆ. ಅಚ್ಚುಕಟ್ಟಾದ ಅರ್ಧಚಂದ್ರ, ಮೈಮೇಲೆ ಒಂದು ಗೀರಿಲ್ಲ. ಹೆಂಡತಿ ಹೂವಿನ ಲೆಕ್ಕ ಹಾಕುತ್ತಿದ್ದಳು.

“ಕೊರಿಯರ್ ಬಂತಾ?”

“ಇಲ್ಲಾರೀ. ನೀವು ಬೇಡ ಅಂದ್ರಲ್ಲ. ನಿಮ್ಮ ಪೈಪಿನಂಥದ್ದೇ ಇನ್ನೊಂದು ತರಿಸಿ, ನಾನೂ ಮಗಳೂ ಪೀಣ್ಯಕ್ಕೆ ಹೋಗಿದ್ವಿ. ಅಲ್ಲೊಂದು ವರ್ಕ್‌ಶಾಪು. ಮೂರು ರೋಲರಿನ ಮಷೀನಿನಲ್ಲಿ ಹಿಂದಕ್ಕೊಂದು ಸಲ ಮುಂದಕ್ಕೊಂದು ಸಲ ಓಡಿಸಿದ, ಆಯ್ತು. ನಾನು ಕಾಫಿ ಕುಡಿದು ಮುಗಿಸಿರಲಿಲ್ಲ.”

“ಕಾಯಿಸದೆ?”

“ಕೇಳಿದೆ. ‘ಅಷ್ಟು ದೊಡ್ಡ ರೌಂಡಿಗೆ ಯಾಕ್ ಮೇಡಂ ಕಾಯಿಸ್ಬೇಕು? ಪೈಪಿನ ಮೂರು ಪಟ್ಟು ನಾಲ್ಕು ಪಟ್ಟು ಅಂಥ ಚಿಕ್ಕ ರೌಂಡಿಗೆ ಆ ತಲೆನೋವು. ನಿಮ್ಮದು ಹದಿನೆಂಟು ಪಟ್ಟು ಇದೆ’ ಅಂದ. ಅವನೇ ಕೇಳಿದ, ಯಾರು ಕಾಯಿಸ್ತಿರೋದು ಅಂತ.”

“ಏನು ಹೇಳಿದೆ?”

“ಪಕ್ಕದ ಮನೆಯವರು ಅಂದೆ.”

ನಾನು ಚಿತ್ರ ಬರೆಯುವಾಗಲೇ ಭುಜ ಬೇಡ, ಅರ್ಧಚಂದ್ರ ಸಾಕು ಎಂದು ಯಾರಾದರೂ ಒತ್ತಿ ಹೇಳಿದ್ದರೆ ನಾನೂ ತಣ್ಣಗೇ ಬಗ್ಗಿಸುತ್ತಿದ್ದೆ. ಹೇಳಿದ್ದೆ ಎಂದು ಅವಳ ವಾದ. ಒತ್ತಿ ಹೇಳಿರಲಿಲ್ಲ ಎಂಬುದು ನನ್ನದು.

ಶುಕ್ರವಾರ ಕುಂಕುಮಕ್ಕೆ ಬಂದವರೆಲ್ಲ ಸೇವಂತಿಗೆ, ಮಲ್ಲಿಗೆ ಇಳಿಬಿದ್ದ ಕಮಾನನ್ನು ಹೊಗಳಿದರು. ನಾನು ಮಾಡಿದ ಚಿಕ್ಕದನ್ನೂ ಬಿಸಾಡಲಿಲ್ಲ, ಬಚ್ಚಲ ಬಾಗಿಲ ಹಿಂದೆ ಟವೆಲ್ ಹಾಕಲು ಹೊಡೆದಿದ್ದಾರೆ. ಎರಡೇ ಟವೆಲ್ ಹಿಡಿಸುತ್ತದೆ. ಕೊನೆಯ ಮನೆಯ ಹಿರಿಯಾಕೆಯೊಬ್ಬರು ತಾಂಬೂಲ ತೆಗೆದುಕೊಳ್ಳುತ್ತಾ, “ನಿಮ್ಮ ಯಜಮಾನರು ಮೇಲೆ ಏನೋ ಬಡೀತಾ ಇದ್ದರಲ್ಲ, ಇದೇನಾ? ಎಷ್ಟು ಚೆನ್ನಾಗಿದೆಯಮ್ಮಾ! ಗಣೇಶನ ಹಬ್ಬಕ್ಕೆ ನಮಗೂ ಒಂದು ಮಾಡಿಕೊಡ್ತಾರಾ?” ಎಂದು ಕೇಳಿದರು.

ನಾನು ಸೋಫಾದಿಂದ ಎದ್ದು ನಿಂತೆ. ಒಂದೂವರೆ ಇಂಚಿನ ಪೈಪಾದರೆ ಗಣೇಶನಿಗೆ ಗಾಂಭೀರ್ಯ ಬರುತ್ತದೆ, ಅದಕ್ಕಾದರೆ ಸೋಪಿನ ಬದಲು ಮಸಿ ಹಿಡಿಸುವ ವಿಧಾನವೂ ಇದೆ ಎಂದು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಹೆಂಡತಿ ಅವರ ಕೈಗೆ ಪೀಣ್ಯದ ವರ್ಕ್‌ಶಾಪಿನ ಚೀಟಿ ಕೊಟ್ಟು, ಬಾಗಿಲವರೆಗೆ ಕಳಿಸಿ ಬಂದಳು.