ಶಿಶುಶಿಲ್ಪ ಮೀಮಾಂಸೆ: ಕೋಲಾರ ಸೀಮೆಯ ಕಸರಸ ಪರಂಪರೆ

ಎಸೆಯಬೇಕೆಂದು ತೆಗೆದಿಟ್ಟ ವಸ್ತುವಿನ ಮೇಲೆ ಚಿಕ್ಕ ಮಗುವಿನ ದೃಷ್ಟಿ ಬಿದ್ದೊಡನೆ ಅದು ಎಸೆಯಬಾರದ ವಸ್ತುವಾಗುತ್ತದೆ. ಇದೇ ಶಿಶುಶಿಲ್ಪದ ಲಕ್ಷಣ. ಕತ್ತರಿ, ಬಣ್ಣ, ಅಂಟುಗಳೆಲ್ಲ ಗೌಣ.

ಈ ಶಾಸ್ತ್ರ ಹೊರಗಿನಿಂದ ಬಂದದ್ದೆಂಬ ಪೂರ್ವಪಕ್ಷವೊಂದಿದೆ. ಅದರ ಖಂಡನೆಗೆ ಮುಳಬಾಗಿಲು ತಾಲ್ಲೂಕಿನ ಆವನಿಯೊಂದೇ ಸಾಕು. ಸೀತೆ ಹೆತ್ತದ್ದು ಅಲ್ಲೇ ಎಂದು ಊರವರ ನಂಬಿಕೆ. ಲವನನ್ನು ತಾಯಿಯೇ ಎತ್ತಿಕೊಂಡು ಹೋದದ್ದು ತಿಳಿಯದ ವಾಲ್ಮೀಕಿ, ಬರಿದಾದ ತೊಟ್ಟಿಲು ಕಂಡು, ದರ್ಭೆಯಿಂದ ಇನ್ನೊಂದು ಮಗುವನ್ನೇ ಮಾಡಿ ಮಲಗಿಸಿದರಂತೆ. ಅವನೇ ಕುಶ ಎನ್ನುತ್ತದೆ ಜನಪದ ಕಥೆ. ಸಾಮಗ್ರಿಗೆ ಖರ್ಚಿಲ್ಲ, ಕೆಲಸ ಗಾಬರಿಯಲ್ಲಿ ಆದದ್ದು, ಮಾಡಿದವರು ದೊಡ್ಡವರು. ಶಾಸ್ತ್ರದ ಸರ್ವಸ್ವವೂ ಇಲ್ಲಿದೆ. "ಅಮ್ಮಾ, ನಾಳೆ ಕ್ರಾಫ್ಟ್ ತರ್ಬೇಕಂತೆ, ಮಿಸ್ ಹೇಳಿದ್ರು" ಎಂದು ಮಗು ರಾತ್ರಿ ಮಲಗುವ ಹೊತ್ತಿಗೆ ಉಸುರಿದಾಗ ಇಂದಿಗೂ ನಡೆಯುವುದು ಅದೇ. ಆಶ್ರಮದಲ್ಲಿ ಫೆವಿಕಾಲ್ ಒಣಗಿರಲಿಲ್ಲ ಎಂಬುದಷ್ಟೇ ವ್ಯತ್ಯಾಸ.

ಈ ಶಾಸ್ತ್ರಕ್ಕೆ ಊರಿಗೊಂದು ಪಂಥ. ಮಾಲೂರು ಪಂಥವನ್ನು ಅದೇ ತಾಲ್ಲೂಕಿನ ಶಿವಾರಪಟ್ಟಣದ ಕಲ್ಲುಕೆತ್ತನೆಯೊಡನೆ ಬೆರೆಸಬಾರದು. ಅಲ್ಲಿಯ ಶಿಲ್ಪಿ ಬೇಡದ್ದನ್ನು ಕೆತ್ತಿ ತೆಗೆಯುತ್ತಾನೆ. ಶಿಶುಶಿಲ್ಪಿ ಬೇಡದ್ದನ್ನೇ ಅಂಟಿಸುತ್ತಾನೆ. ಕೋಲಾರ ಪಂಥದ್ದು ತೊಳೆದು ಅಡುಗೆಮನೆ ಗೋಡೆಗೆ ಅಂಟಿಸಿದ ನಂದಿನಿ ಹಾಲಿನ ಕವರು. ಗುಜರಿಗೆಂದು ಕೂಡಿಡುವ ಅಜ್ಜಿಗೂ ದೋಣಿಗೆಂದು ಕದಿಯುವ ಮೊಮ್ಮಗನಿಗೂ ವ್ಯಾಜ್ಯ ನಡೆದೇ ಇದೆ.

ಶ್ರೀನಿವಾಸಪುರ ಪಂಥ ಮಾತ್ರ ವಿಸ್ತಾರಕ್ಕೆ ಅರ್ಹ. ಮೂಲದ್ರವ್ಯ ಮಾವಿನ ವಾಟೆ. ಮಾವಿನ ಸುಗ್ಗಿಯಿರುವಾಗಲೇ ಶಾಲೆಯೂ ತೆರೆಯುವುದರಿಂದ ಪೂರೈಕೆಗೆ ಕೊರತೆಯಿಲ್ಲ. ಚೀಪಿ, ತೊಳೆದು, ಮಾಳಿಗೆಯ ಮೇಲೆ ಒಣಗಿಸಿದ ವಾಟೆಗೆ ಕಣ್ಣು, ಮೂಗು, ಮೀಸೆ ಬರೆದರೆ ತಾತ. ನಾರು ಬಾಚಿ ಹೆಣೆದರೆ ಅಜ್ಜಿ. ನಾಟಿ ಹಣ್ಣಿನ ವಾಟೆಗೆ ಜಡೆ ಹಾಕುವಷ್ಟು ನಾರು, ಬಾದಾಮಿಯದು ಹೆಚ್ಚುಕಡಿಮೆ ಬೋಳುತಲೆ. ಆದ್ದರಿಂದ 'ಬೆಲೆ ಏರಿದಂತೆ ಕೂದಲು ಇಳಿಯುತ್ತದೆ' ಎಂಬ ಸೂತ್ರ ಸಿದ್ಧಿಸುತ್ತದೆ. ಇದು ಮನುಷ್ಯರಿಗೂ ಸಲ್ಲುವುದೇ ಎಂಬ ಪ್ರಶ್ನೆಯನ್ನು ಮನೆಯ ಯಜಮಾನರ ಎದುರು ಎತ್ತುವುದು ಶಿಷ್ಟಾಚಾರವಲ್ಲ.

ಇದೆಲ್ಲ ಮಕ್ಕಳಾಟ ಎಂಬ ಆಕ್ಷೇಪಕ್ಕೆ ಉತ್ತರ ಕೆರೆಗಳಲ್ಲಿದೆ. ಕೋರಮಂಗಲ-ಚಲ್ಲಘಟ್ಟ ಕಣಿವೆ ಯೋಜನೆಯಲ್ಲಿ 2018ರಿಂದ ಬೆಂಗಳೂರಿನ ಕೊಳಚೆ ನೀರು ಎರಡು ಹಂತ ಶುದ್ಧಿಯಾಗಿ ಕೋಲಾರದ ಕೆರೆಗಳಿಗೆ ಬರುತ್ತಿದೆ. ಯೋಜನೆಯ ಗಾತ್ರ ದಿನಕ್ಕೆ 44 ಕೋಟಿ ಲೀಟರ್. ರಾಜಧಾನಿ ಬಳಸಿ ಬಿಟ್ಟದ್ದರಿಂದ ಕೆರೆ ತುಂಬಿದರೆ ಅಭಿವೃದ್ಧಿ, ಮಗು ಹಾಲಿನ ಕವರಿನ ದೋಣಿಯನ್ನು ಅದೇ ಕೆರೆಯಲ್ಲಿ ಬಿಟ್ಟರೆ ಆಟ! ನೀರಿಗೆ ಮೂರನೆಯ ಹಂತದ ಶುದ್ಧೀಕರಣವೂ ಬೇಕೆಂದು ಇಲ್ಲಿಯ ಹೋರಾಟಗಾರರು ಕೇಳುತ್ತಲೇ ಬಂದಿದ್ದಾರೆ. ಶಿಶುಶಿಲ್ಪದಲ್ಲೂ ಬಗೆಹರಿಯದೆ ಉಳಿದಿರುವುದು ಮೂರನೆಯ ಹಂತವೇ: ಮಾಡಿ, ಮಿಸ್‌ಗೆ ತೋರಿಸಿ, ಮನೆಗೆ ಮರಳಿ ಬಂದದ್ದನ್ನು ಏನು ಮಾಡುವುದು? ಫ್ರಿಜ್ಜಿನ ತಲೆ ತುಂಬಿದೆ, ಟಿವಿಯ ಪಕ್ಕ ಜಾಗವಿಲ್ಲ, ಮಗುವಿಗೆ ಪ್ರತಿಯೊಂದರ ಲೆಕ್ಕವೂ ಗೊತ್ತು.

ಓದುಗರಲ್ಲಿ ವಿನಂತಿ ಇಷ್ಟೆ. ಮಗು ಅಜ್ಜಿ ಮನೆಗೆ ಹೋದ ದಿನ ನೋಡಿ ಗುಜರಿಯವನನ್ನು ಕರೆಯಿರಿ. ವಾಟೆ ತಾತನನ್ನು ಮಾತ್ರ ಅವನ ಮುಂದಿಡಬೇಡಿ. ಅವನು ತೂಕಕ್ಕೆ ಹಾಕುವುದಿಲ್ಲ.