ವಕ್ಕಲೇರಿ–ಕೊರಿಯಾ ಬಾಂಧವ್ಯ: ಒಂದು ತಾಮ್ರಪಟೋತ್ತರ ಜಿಜ್ಞಾಸೆ

ಕೋಲಾರ ತಾಲ್ಲೂಕಿನ ವಕ್ಕಲೇರಿಯ ಹೆಸರು ವಿದ್ವತ್‌ಲೋಕದಲ್ಲಿ ಓಡಾಡುವುದು ತಾಮ್ರಪಟದ ದೆಸೆಯಿಂದ. ಕ್ರಿ.ಶ. 757ರಲ್ಲಿ ಬಾದಾಮಿ ಚಾಲುಕ್ಯರ ಎರಡನೇ ಕೀರ್ತಿವರ್ಮ ದಾನ ಕೊಟ್ಟದ್ದು ಹಾನಗಲ್ಲು ಸೀಮೆಯ ಸುಳ್ಳಿಯೂರನ್ನು. ಅದರ ತಗಡುಗಳು ಸಿಕ್ಕಿದ್ದು ಎಲ್ಲೋ ದೂರದ ಕೋಲಾರ ಸೀಮೆಯಲ್ಲಿ. ಊರಿಗೆ ಹೆಸರು ತಂದ ದಾಖಲೆಯೇ ವಲಸೆ ಬಂದದ್ದು. ಹೀಗಿರುವಾಗ ಊರಿನ ಹುಡುಗನೊಬ್ಬ ದಕ್ಷಿಣ ಕೊರಿಯಾದ ಸುವೋನ್‌ನಲ್ಲಿ ಎಂಜಿನಿಯರಾಗಿ ಕೂತು ರಾತ್ರಿ ಏನು ನೋಡುತ್ತಾನೆ, ಯಾರ ಜೊತೆ ಉಣ್ಣುತ್ತಾನೆ ಎಂಬುದೂ ಶಾಸನತಜ್ಞರ ವ್ಯಾಪ್ತಿಗೇ ಸೇರತಕ್ಕದ್ದು. ಸದರಿ ಹುಡುಗನನ್ನು, ಸಂಶೋಧನೆಯ ಶಿಸ್ತಿಗಾಗಿಯೂ ಅವನಮ್ಮನ ಭಯದಿಂದಲೂ, ಇಲ್ಲಿ ‘ಪಾತ್ರ’ ಎಂದಷ್ಟೇ ಕರೆಯಲಾಗಿದೆ.

ಮೊದಲು ಭಾಷಿಕ ಆಧಾರ. ಕೊರಿಯನ್ ಮಕ್ಕಳು ಅಪ್ಪನನ್ನು ‘ಅಪ್ಪಾ’ ಎನ್ನುತ್ತಾರೆ, ಅಮ್ಮನನ್ನು ‘ಒಮ್ಮಾ’. ನಾನು ಎನ್ನಲು ‘ನಾ’. ಕ್ರಿಯಾಪದ ನಮ್ಮಲ್ಲಿಯಂತೆಯೇ ವಾಕ್ಯದ ಬಾಲ ಹಿಡಿದು ಬರುತ್ತದೆ. ಅಮೆರಿಕದ ಹೋಮರ್ ಹಲ್ಬರ್ಟ್ 1905ರಲ್ಲೇ ಕೊರಿಯನ್ನನ್ನೂ ದ್ರಾವಿಡ ಭಾಷೆಗಳನ್ನೂ ಪಕ್ಕಪಕ್ಕ ಕೂರಿಸಿ ವ್ಯಾಕರಣ ಬರೆದುಬಿಟ್ಟಿದ್ದ. ಇಂದಿನ ಭಾಷಾಶಾಸ್ತ್ರಜ್ಞರು ಆ ನೆಂಟಸ್ತಿಕೆಯನ್ನು ಒಪ್ಪುವುದಿಲ್ಲ. ಒಪ್ಪದಿರುವುದು ಅವರ ಉದ್ಯೋಗ, ಪ್ರಬಂಧ ಮುಂದುವರಿಯುತ್ತದೆ.

ಇನ್ನು ಪೌರಾಣಿಕ ಆಧಾರ. ಹದಿಮೂರನೇ ಶತಮಾನದ ಕೊರಿಯನ್ ಗ್ರಂಥ ‘ಸಮ್‌ಗುಕ್ ಯುಸಾ’ ಹೇಳುವಂತೆ ಕ್ರಿ.ಶ. 48ರಲ್ಲಿ ‘ಆಯುತ’ ಎಂಬಲ್ಲಿಂದ ರಾಜಕುಮಾರಿಯೊಬ್ಬಳು ಹಡಗೇರಿ ಹೋಗಿ ಕೊರಿಯಾದ ಗಾಯಾ ನಾಡಿನ ದೊರೆ ಸುರೋನನ್ನು ಮದುವೆಯಾದಳು. ಆಯುತವೆಂದರೆ ತಾವೇ ಎಂದು ಅಯೋಧ್ಯೆಯವರು 2001ರಲ್ಲೇ ಸ್ಮಾರಕ ನಿಲ್ಲಿಸಿಕೊಂಡರು. ವಕ್ಕಲೇರಿಯವರು ಅರ್ಜಿ ಹಾಕುವುದರಲ್ಲಿ ತಡಮಾಡಿದರು, ಅಷ್ಟೆ.

ಪಾತ್ರನ ವೀಕ್ಷಣಾಪಟ್ಟಿಯನ್ನು ಈಗ ಕೂಲಂಕಷವಾಗಿ ಪರಿಶೀಲಿಸೋಣ. ಮೊದಲನೆಯದು 2021ರ ಸೆಪ್ಟೆಂಬರಿನಲ್ಲಿ ಬಂದ ಕೊರಿಯನ್ ಧಾರಾವಾಹಿ ‘ಸ್ಕ್ವಿಡ್ ಗೇಮ್’. 456 ಸಾಲಗಾರರು ಪ್ರಾಣ ಪಣವಿಟ್ಟು ಆಡುವ ಆಟಗಳಾದರೂ ಯಾವುವು? ಗೋಲಿ. ಹಗ್ಗ ಎಳೆಯುವುದು. ನೆಲದ ಮೇಲೆ ಗೆರೆ ಕೊರೆದು ಕುಂಟುವುದು. 2024ರ ಎರಡನೇ ಸೀಸನ್ನಿನಲ್ಲಿ ಬುಗುರಿ ಬಂತು, ಹೆಣ್ಣುಮಕ್ಕಳು ಜಗಲಿಯ ಮೇಲೆ ಆಡುವ ಐದು ಕಲ್ಲಿನಾಟವೂ ಬಂತು. ಈ ಆಟಕ್ಕೆಲ್ಲ ಇಷ್ಟು ದುಡ್ಡು ಸಿಗುತ್ತದೆಂದು ಗೊತ್ತಿದ್ದರೆ ಊರಿನ ಶಾಲೆಯಲ್ಲಿ ಬುಗುರಿ ಕಿತ್ತುಕೊಳ್ಳುತ್ತಿರಲಿಲ್ಲ ಎಂಬುದು ಪಾತ್ರನ ವಾದ. ಮೊದಲ ಸೀಸನ್ನಿನಲ್ಲಿ ಅಲಿ ಎಂಬ ವಲಸೆ ಕೂಲಿಯಾಗಿ ನಟಿಸಿದವನು ದಿಲ್ಲಿಯ ಅನುಪಮ್ ತ್ರಿಪಾಠಿ, 2010ರಲ್ಲಿ ನಟನೆ ಕಲಿಯಲು ಸೋಲ್‌ಗೆ ಹೋದವನು. ಎಲ್ಲರನ್ನೂ ‘ಯಜಮಾನ್ರೇ’ ಎನ್ನುವ ಅಲಿಗೆ ಒಬ್ಬ, ಇನ್ನು ಮೇಲೆ ನನ್ನನ್ನು ‘ಹ್ಯೊಂಗ್’ ಅನ್ನು, ಅಂದರೆ ಅಣ್ಣಾ ಅನ್ನು, ಎನ್ನುತ್ತಾನೆ. ಗೋಲಿಯಾಟದಲ್ಲಿ ಮೋಸ ಮಾಡುವವನೂ ಆ ಅಣ್ಣನೇ. ಪಾತ್ರ ಇಲ್ಲಿ ವಿಡಿಯೋ ನಿಲ್ಲಿಸಿ ಜಮೀನಿನ ಭಾಗದ ಪತ್ರಗಳನ್ನು ನೆನೆದ.

ಎರಡನೆಯದು ‘ರಿಪ್ಲೈ 1988’. ಸೋಲ್‌ನ ಸ್ಸಾಂಗ್‌ಮುನ್-ದೊಂಗ್ ಓಣಿಯಲ್ಲಿ ಐದು ಮನೆ. ಮೊದಲ ಕಂತಿನಲ್ಲೇ ಸಂಜೆ ಊಟದ ಹೊತ್ತಿಗೆ ಅಮ್ಮಂದಿರು ಬಟ್ಟಲು ಕೊಟ್ಟು ಮಕ್ಕಳನ್ನು ಆಚೆಮನೆ ಈಚೆಮನೆಗೆ ಓಡಿಸುತ್ತಾರೆ. ಹೋದ ಬಟ್ಟಲು ಇನ್ನೊಂದು ಪದಾರ್ಥ ಹೊತ್ತು ಬರುತ್ತದೆ. ಅವರೆಕಾಯಿ ಕಾಲದಲ್ಲಿ ವಕ್ಕಲೇರಿಯಲ್ಲಿ ಹಿತಕಿದಬೇಳೆ ಸಾರಿನ ಬೋಸಿಗೂ ಇದೇ ಸಂಚಾರನಿಯಮ. ಖಾಲಿ ಬೋಸಿ ವಾಪಸು ಕೊಡಬಾರದು. ಏನೂ ಇಲ್ಲದಿದ್ದರೆ ನಾಲ್ಕು ಹಸಿಮೆಣಸಿನಕಾಯಿಯಾದರೂ ಹಾಕಬೇಕು. ಕೊರಿಯನ್ನರು ಮನೆಮಂದಿಯೆಲ್ಲ ಸೇರಿ ಚಳಿಗಾಲಕ್ಕೆ ಕಿಮ್ಚಿ ಹಾಕಿ ಹಂಚಿಕೊಳ್ಳುವ ‘ಕಿಮ್‌ಜಾಂಗ್’ 2013ರಲ್ಲಿ ಯುನೆಸ್ಕೋ ಪಟ್ಟಿ ಸೇರಿತು. ಶ್ರೀನಿವಾಸಪುರದ ಮಾವಿನಕಾಯಿಗೆ ಉಪ್ಪು ಖಾರ ಬೆರೆಸಿ ಜಾಡಿ ತುಂಬುವ ಹೆಂಗಸರಿಗೆ ಯುನೆಸ್ಕೋದಿಂದ ಇನ್ನೂ ಕಾಗದ ಬಂದಿಲ್ಲ.

ಮೂರನೆಯದು ‘ಕೆಜಿಎಫ್’. ಇದನ್ನು ಪಾತ್ರನೇ ಸಹೋದ್ಯೋಗಿಗಳಿಗೆ ತೋರಿಸಿ ಕೆಟ್ಟ. ಗಣಿ 2001ರಲ್ಲೇ ಮುಚ್ಚಿತೆಂದರೂ ಅವರು ನಂಬಲೊಲ್ಲರು. ಕೋಲಾರದವನು ಊಟದ ಬಿಲ್ಲು ಕೊಡಲು ಹಿಂದೆಮುಂದೆ ನೋಡುವುದೇಕೆ ಎಂಬುದು ಅವರ ಪ್ರಶ್ನೆ. ಈಗ ನಮ್ಮಲ್ಲಿ ರೇಟು ಏರುವುದೂ ಇಳಿಯುವುದೂ ಟೊಮೆಟೊದ್ದು ಎಂದು ಅವನು ವಿವರಿಸಿದ.

ಸಾಮಾಜಿಕ ಜೀವನದಲ್ಲಿ ವಯಸ್ಸೇ ಪ್ರಧಾನ. ಕೊರಿಯಾದಲ್ಲಿ ಎದುರಿನವರ ವಯಸ್ಸು ತಿಳಿಯದೆ ಯಾವ ಕ್ರಿಯಾಪದ ಬಳಸಬೇಕೆಂಬುದೇ ತಿಳಿಯದು. ಹುಟ್ಟಿದ ದಿನವೇ ಒಂದು ವರ್ಷ, ಹೊಸವರ್ಷಕ್ಕೆ ಎಲ್ಲರಿಗೂ ಒಟ್ಟಿಗೆ ಇನ್ನೊಂದು ಎಂಬುದು ಅಲ್ಲಿನ ಹಳೆಯ ಲೆಕ್ಕ. ಡಿಸೆಂಬರ್ 31ಕ್ಕೆ ಹುಟ್ಟಿದ ಕೂಸಿಗೆ ಮರುದಿನ ಎರಡು. 2023ರ ಜೂನ್ 28ರಂದು ಕಾನೂನು ಬದಲಾಗಿ ಸರ್ಕಾರಿ ಕಾಗದದಲ್ಲಿ ಅಂತರರಾಷ್ಟ್ರೀಯ ಲೆಕ್ಕವೇ ಗಟ್ಟಿಯಾಯಿತು. ವಕ್ಕಲೇರಿಯ ಹಿರಿಯರದು ಬೇರೆ ಪದ್ಧತಿ: ‘ಕೆರೆ ಕೋಡಿ ಬಿದ್ದ ವರ್ಷ ಹುಟ್ಟಿದೋನು.’ ಕೋಲಾರದ ಕೆರೆಗಳು ಕೋಡಿ ಬೀಳುವುದು ಅಪರೂಪವಾದ್ದರಿಂದ ಊರಿನಲ್ಲಿ ಬಹಳ ಮಂದಿ ಒಂದೇ ವಯಸ್ಸಿನವರಾಗಿದ್ದಾರೆ.

ಇಲ್ಲಿ ಒಂದು ಅಡಿಟಿಪ್ಪಣಿಯನ್ನು ಮಾರ್ಗದರ್ಶಕರು ‘ವಿಷಯಾಂತರ’ ಎಂದು ಹೊಡೆದುಹಾಕಿದ್ದರು. ಅಚ್ಚಿನವರ ಅಜಾಗರೂಕತೆಯಿಂದ ಉಳಿದುಕೊಂಡಿದೆ. 720ರ ದಶಕದಲ್ಲಿ ಕೊರಿಯಾದ ಸಿಲ್ಲಾ ನಾಡಿನ ಭಿಕ್ಷು ಹ್ಯೇಚೊ ಭಾರತ ಸುತ್ತಿದ. ಮಧ್ಯಭಾರತದಿಂದ ಮೂರು ತಿಂಗಳಿಗೂ ಹೆಚ್ಚು ನಡೆದು ದಕ್ಷಿಣದ ದೊರೆಯ ನಾಡು ಮುಟ್ಟಿದೆ, ಆ ದೊರೆಗೆ 800 ಆನೆ ಎಂದು ಬರೆದಿಟ್ಟ. ಅದು ಚಾಲುಕ್ಯರ ನಾಡೇ ಎನ್ನುತ್ತಾರೆ ಇತಿಹಾಸಕಾರರು. ಆಗ ಆಳುತ್ತಿದ್ದವನು ವಿಜಯಾದಿತ್ಯ, ವಕ್ಕಲೇರಿ ತಗಡು ಬರೆಸಿದ ಕೀರ್ತಿವರ್ಮನ ಖಾಸಾ ತಾತ. ಹ್ಯೇಚೊ ಇಲ್ಲಿ ಬೆಳದಿಂಗಳ ರಾತ್ರಿ ಊರು ನೆನೆದು ಒಂದು ಕವಿತೆಯನ್ನೂ ಬರೆದ. ಅವನ ಬರಹ ದುನ್‌ಹುವಾಂಗ್ ಗುಹೆಯಲ್ಲಿ ಹುದುಗಿ, 1908ರಲ್ಲಿ ಪಾಲ್ ಪೆಲಿಯೊ ಕೈಗೆ ಸಿಕ್ಕಿ, ಈಗ ಪ್ಯಾರಿಸಿನಲ್ಲಿದೆ. ಪಾತ್ರನಿಗೆ ಇದನ್ನು ಹೇಳಿದಾಗ ಅವನು ಕೇಳಿದ್ದು ಒಂದೇ: ‘ಅವನಿಗೆ ಊರಿಂದ ಫೋನ್ ಬರ್ತಿರಲಿಲ್ಲವಲ್ಲ?’

ಪಾತ್ರನಿಗೆ ಬರುತ್ತದೆ. ವಕ್ಕಲೇರಿಯಲ್ಲಿ ರಾತ್ರಿ ಎಂಟಾದರೆ ಸುವೋನ್‌ನಲ್ಲಿ ಹನ್ನೊಂದೂವರೆ, ಧಾರಾವಾಹಿಯಲ್ಲಿ ಸರಿಯಾಗಿ ಅಳುವ ಭಾಗ. ‘ಉಂಡ್ಯೇನಪ್ಪಾ?’ ಎನ್ನುತ್ತಾಳೆ ಅಮ್ಮ. ಕೊರಿಯನ್ನರೂ ಕ್ಷೇಮಸಮಾಚಾರ ಕೇಳುವುದು ಇದೇ ಮಾತಿನಿಂದ ಎಂದು ತೋರಿಸಲು ಹೊರಟು ಅವನೊಮ್ಮೆ, ‘ಬಾಪ್ ಮೊಗೊಸ್ಸೊ?’ ಎಂದ.

‘ಯಾವ ಬಾಬು?’ ಎಂದಳು ಅಮ್ಮ. ‘ಮೂಲೆಮನೆಯೋನಾ? ಅವನಿಗೇನಾಯ್ತು?’