ನಾರ್ಮಲ್ ರಾಯರು

ಬೆಂಗಳೂರಿನ ಯಾವ ಹಳೆಯ ಬಡಾವಣೆಗೆ ಹೋದರೂ ಅವರು ಸಿಗುತ್ತಾರೆ. ಬ್ಯಾಂಕಿನಿಂದಲೋ ಏಜೀಸ್ ಆಫೀಸಿನಿಂದಲೋ ನಿವೃತ್ತರಾದವರು. ಕೈಯಲ್ಲೊಂದು ಬಟ್ಟೆ ಚೀಲ, ಅದರೊಳಗೆ ‘ಇರಲಿ’ ಅಂತ ಇನ್ನೊಂದು ಚೀಲ. ಹೆತ್ತವರಿಟ್ಟ ಹೆಸರು ಏನೇ ಇರಲಿ, ಇಲ್ಲಿ ಅವರನ್ನು ನಾರ್ಮಲ್ ರಾಯರು ಎನ್ನೋಣ. ಅವರ ಬಾಯಲ್ಲಿ ಸದಾ ಓಡಾಡುವ ಮಾತು ಅದೇ. ‘ಶುಗರ್ ನಾರ್ಮಲ್.’ ‘ಅಳಿಯ ತುಂಬ ನಾರ್ಮಲ್.’ ‘ನಮ್ಮದು ನಾರ್ಮಲ್ ಫ್ಯಾಮಿಲಿ ಸಾರ್, ಆ ಥರದ್ದೆಲ್ಲ ಇಲ್ಲ.’ ಆ ಥರದ್ದು ಅಂದರೆ ಯಾವ ಥರದ್ದು ಎಂದು ಇದುವರೆಗೆ ಯಾರೂ ಕೇಳಿಲ್ಲ. ಕೇಳಿದರೆ ಅರ್ಧ ಗಂಟೆ ನಿಲ್ಲಬೇಕಾಗುತ್ತದೆಂದು ಬಡಾವಣೆಗೇ ಗೊತ್ತು.

ಇನ್ನು ಈ ನಾರ್ಮಲ್ ಮನುಷ್ಯರ ದಿನಚರಿ. ಪೇಪರನ್ನು ಕೊನೆಯ ಪುಟದಿಂದ ಓದುತ್ತಾರೆ. ತಮಗಿಂತ ಮೊದಲು ಯಾರಾದರೂ ಅದನ್ನು ಬಿಡಿಸಿದ್ದರೆ ಅದು ಅವರ ಪಾಲಿಗೆ ನಿನ್ನೆಯ ಪೇಪರು. ಕಾಫಿ ಅಂಚು ನಗ್ಗಿದ ಆ ಒಂದು ಸ್ಟೀಲ್ ಲೋಟದಲ್ಲೇ ಬರಬೇಕು, ಲೋಟ ಬದಲಾದರೆ ‘ಪುಡಿ ಬೇರೆ ತಂದ್ರಾ?’ ಎಂಬ ಪ್ರಶ್ನೆ. ಬೆಂಗಳೂರು ಪ್ರೆಸ್ ಕ್ಯಾಲೆಂಡರಿನ ಚೌಕಗಳಲ್ಲಿ ಹಾಲಿನ ಲೆಕ್ಕ, ಸಿಲಿಂಡರ್ ಹಚ್ಚಿದ ದಿನ, ಮನೆಕೆಲಸದಾಕೆ ಬಾರದ ದಿನಕ್ಕೊಂದು ಸೊನ್ನೆ. ವರ್ಷ ಮುಗಿದರೂ ಕ್ಯಾಲೆಂಡರ್ ಕಸಕ್ಕೆ ಹೋಗುವುದಿಲ್ಲ, ಸುರುಳಿ ಸುತ್ತಿಸಿಕೊಂಡು ಅಟ್ಟ ಹತ್ತುತ್ತದೆ. ಅಲ್ಲಿ ಅದಕ್ಕೆ ಹಿಂದಿನ ವರ್ಷಗಳ ಅಣ್ಣಂದಿರೂ, ಟಿವಿ ಬಂದಿದ್ದ ಥರ್ಮೋಕೋಲೂ ಜೊತೆ. ಆ ಟಿವಿ ಗುಜರಿಗೆ ಹೋಗಿ ಎಷ್ಟೋ ಕಾಲವಾಯಿತು.

ಸೋಮವಾರ ರಾಹುಕಾಲ ಬೆಳಗ್ಗೆ ಏಳೂವರೆಯಿಂದ ಒಂಬತ್ತು. ರಾಯರಿಗೆ ಇದರಲ್ಲಿ ಎಳ್ಳಷ್ಟೂ ನಂಬಿಕೆಯಿಲ್ಲ, ಓದಿದ್ದು ಬಿಎಸ್ಸಿ. ಆದರೆ ಸೋಮವಾರ ಎಂಟಕ್ಕೆ ಹೊರಡಬೇಕಾಗಿ ಬಂದರೆ ಏಳು ಇಪ್ಪತ್ತಕ್ಕೇ ಚೀಲವನ್ನು ಒಯ್ದು ಪಕ್ಕದ ಮನೆಯ ಜಗಲಿಯಲ್ಲಿಟ್ಟು ಬರುತ್ತಾರೆ. ಶಾಸ್ತ್ರದ ಪ್ರಕಾರ ಪ್ರಯಾಣ ಆಗಲೇ ಶುರುವಾಯಿತು. ಎಂಟಕ್ಕೆ ಹೊರಡುವ ರಾಯರು ಚೀಲವನ್ನು ಹಿಂಬಾಲಿಸುತ್ತಾರೆ, ಅಷ್ಟೆ. ಇಲ್ಲವೆಂದು ತಾವೇ ಹೇಳುವ ಗ್ರಹಕ್ಕೆ ಇಷ್ಟು ಶ್ರದ್ಧೆಯಿಂದ ಕಣ್ಣುತಪ್ಪಿಸುವ ಇನ್ನೊಬ್ಬರು ಸಿಗುವುದು ಕಷ್ಟ.

ಅವರಿಗೆ ಮೊದಲ ಪೆಟ್ಟು ಬಿದ್ದದ್ದು ಪ್ಯಾಂಟಿನ ಅಂಗಡಿಯಲ್ಲಿ. ‘ನಾರ್ಮಲ್ ಸೈಜ್ ಕೊಡಪ್ಪ’ ಎಂದರು. ಸೊಂಟಕ್ಕೆ ಹಿಡಿಸಿದ್ದು ನೆಲ ಗುಡಿಸಿತು. ಕಾಲಿಗೆ ಸರಿಹೋದದ್ದು ಹೊಟ್ಟೆಯ ಬಳಿ ಸತ್ಯಾಗ್ರಹ ಹೂಡಿತು. ಕಂಪನಿಯ ಹೊಲಿಗೆಯೇ ಸರಿಯಿಲ್ಲ ಎಂದು ರಾಯರು ತೀರ್ಪು ಕೊಟ್ಟು ಹೊರಬಂದರು.

ತಪ್ಪು ಹೊಲಿಗೆಯದ್ದಲ್ಲ. ಅದರ ಮೂಲ ಬೆಲ್ಜಿಯಂನಲ್ಲಿದೆ. ಅಡಾಲ್ಫ್ ಕೆಟಲೆ ಎಂಬ ಖಗೋಳಜ್ಞ 1835ರಲ್ಲಿ ‘ಸರಾಸರಿ ಮನುಷ್ಯ’ ಎಂಬುವನನ್ನು ಲೋಕದ ಮುಂದೆ ನಿಲ್ಲಿಸಿದ. ಆಕಾಶ ನೋಡುವವರು ಒಂದೇ ನಕ್ಷತ್ರವನ್ನು ಹಲವು ಸಲ ಅಳೆದು, ಸರಾಸರಿ ತೆಗೆದು, ಅದೇ ನಿಜವಾದ ಸ್ಥಾನ, ಮಿಕ್ಕಿದ್ದು ಅಳತೆಯ ದೋಷ ಎನ್ನುತ್ತಿದ್ದರು. ಕೆಟಲೆ ಅದೇ ಕೋಲು ಹಿಡಿದು ಮನುಷ್ಯರನ್ನು ಅಳೆದ. ಸರಾಸರಿಯೇ ಆದರ್ಶ, ಅದರಿಂದ ಸರಿದವರೆಲ್ಲ ಪ್ರಕೃತಿಯ ಕೈತಪ್ಪು ಎಂಬಂತೆ ಕಂಡ. ನಕ್ಷತ್ರ ಒಂದೇ ಇತ್ತು, ಮನುಷ್ಯರು ಬೇರೆ ಬೇರೆ ಇದ್ದರು ಎಂಬ ಸಣ್ಣ ವ್ಯತ್ಯಾಸ ಅವನಿಗೆ ಅಡ್ಡಬರಲಿಲ್ಲ.

ನೂರು ವರ್ಷ ಕಳೆದು ಅಮೆರಿಕದ ವಾಯುಪಡೆಗೆ ಈ ಸರಾಸರಿ ಮನುಷ್ಯನ ಬಿಸಿ ತಟ್ಟಿತು. ಅವನ ಮೈ ಅಳತೆಗೆಂದು ಮಾಡಿದ ಕಾಕ್‌ಪಿಟ್‌ಗಳಲ್ಲಿ ಪೈಲಟ್‌ಗಳಿಗೆ ಕಷ್ಟವಾಗುತ್ತಿತ್ತು. 1950ರಲ್ಲಿ ಪೈಲಟ್‌ಗಳ ಮೈ ಅಳತೆ ತೆಗೆದರು. ಗಿಲ್ಬರ್ಟ್ ಡೇನಿಯಲ್ಸ್ ಎಂಬ ಹುಡುಗ 4,063 ಜನರ ಎತ್ತರ, ಎದೆ, ತೋಳು ಹೀಗೆ ಹತ್ತು ಅಳತೆಗಳನ್ನು ಹರಡಿಕೊಂಡು ಕೂತ. ಸರಾಸರಿ ಎಂಬುದಕ್ಕೆ ಧಾರಾಳವಾಗಿಯೇ ಜಾಗ ಬಿಟ್ಟು, ಹತ್ತರಲ್ಲೂ ಅದರೊಳಗೆ ಬರುವವರು ಎಷ್ಟು ಎಂದು ಎಣಿಸಿದ. ಒಬ್ಬನೂ ಇರಲಿಲ್ಲ. ವಾಯುಪಡೆ ಜಾಣತನ ಮಾಡಿ ಪೈಲಟ್‌ಗಳನ್ನು ಬಿಟ್ಟು ಸೀಟನ್ನು ತಿದ್ದಿತು: ಹಿಂದೆ ಮುಂದೆ ಸರಿಯುವಂತೆ ಮಾಡಿತು. ಇಂದು ಅಳಿಯನ ಕಾರಿನಲ್ಲಿ ಕೂರುವ ಮುನ್ನ ರಾಯರು ಐದು ನಿಮಿಷ ಸೀಟನ್ನು ಕಿರ್ರೆನ್ನಿಸಿ ಜಗ್ಗುತ್ತಾರಲ್ಲ, ಆಗ ಈ ನಾರ್ಮಲ್ ಮಹಾಶಯರು ತಾವು ಸರಾಸರಿಯಲ್ಲ ಎಂದು ಬೀದಿಗೆಲ್ಲ ಕೇಳುವಂತೆ ಸಾರುತ್ತಿರುತ್ತಾರೆ.

ಎರಡನೆಯ ಪೆಟ್ಟು ಜೋರಾಗಿಯೇ ಬಿತ್ತು. ಮಗಳು ಒತ್ತಾಯ ಮಾಡಿ ‘ಫುಲ್ ಬಾಡಿ’ ಪ್ಯಾಕೇಜ್ ರಕ್ತಪರೀಕ್ಷೆ ಮಾಡಿಸಿದಳು. ವರದಿ ಪುಟಗಟ್ಟಲೆ ಬಂತು, ಅದರಲ್ಲಿ ಮೊನೊಸೈಟ್ ಎಂಬುದರ ಮುಂದೆ ಒಂದು ಪುಟ್ಟ ನಕ್ಷತ್ರ. ಅಲ್ಲಿಯವರೆಗೆ ತಮ್ಮೊಳಗೆ ಅಂಥದ್ದೊಂದು ವಾಸವಾಗಿದೆ ಎಂದೇ ರಾಯರಿಗೆ ಗೊತ್ತಿರಲಿಲ್ಲ. ಅಂದಿನಿಂದ ವಾಕಿಂಗ್ ಗೆಳೆಯರಿಗೆ ಬೇರೆ ವಿಷಯವಿಲ್ಲ. ಒಬ್ಬರು ಬೆಟ್ಟದ ನೆಲ್ಲಿಕಾಯಿ ಹೇಳಿದರು, ಇನ್ನೊಬ್ಬರು ಸಕಲೇಶಪುರದ ಆಚೆಗಿನ ಯಾರೋ ಪಂಡಿತರನ್ನು. ರಾಯರು ಎರಡನ್ನೂ ಡೈರಿಯಲ್ಲಿ ಬರೆದುಕೊಂಡರು.

ಅನೇಕ ಪರೀಕ್ಷೆಗಳಿಗೆ ‘ನಾರ್ಮಲ್’ ಗೆರೆ ಎಳೆಯುವ ಕ್ರಮ ರಾಯರಿಗೆ ಯಾರೂ ಹೇಳಿರಲಿಲ್ಲ. ಆರೋಗ್ಯವಂತರ ಗುಂಪೊಂದನ್ನು ಪರೀಕ್ಷಿಸಿ, ಅವರಲ್ಲಿ ನಡುವಿನ ಶೇ 95 ಮಂದಿ ಬರುವಷ್ಟಕ್ಕೆ ಬೇಲಿ ಹಾಕುತ್ತಾರೆ. ಅಂದರೆ ಏನೂ ಕಾಯಿಲೆಯಿಲ್ಲದ ಶೇ 5 ಮಂದಿ ಹುಟ್ಟಾ ಬೇಲಿಯಾಚೆಗೇ. ಇಂಥ, ಒಂದಕ್ಕೊಂದು ನಂಟಿಲ್ಲದ 20 ಪರೀಕ್ಷೆ ಮಾಡಿಸಿದರೆ ಗಟ್ಟಿಮುಟ್ಟಾದ ಮನುಷ್ಯನಿಗೂ ಒಂದಾದರೂ ನಕ್ಷತ್ರ ಸಿಗುವ ಸಂಭವ ಶೇ 64ರಷ್ಟು. ದೊಡ್ಡ ಪ್ಯಾಕೇಜ್ ಕೊಂಡು ಎಲ್ಲದರಲ್ಲೂ ನಾರ್ಮಲ್ ಆಗಿ ಹೊರಬಂದರೆ ಆ ಮನುಷ್ಯನೇ ಅಪರೂಪದವನು! ಡಾಕ್ಟರು ವರದಿ ತಿರುವಿ ‘ಇದೇನೂ ಅಲ್ಲ, ಮನೆಗೆ ಹೋಗಿ’ ಎಂದರು. ಇಷ್ಟು ದುಡ್ಡು ಕೊಟ್ಟು ಇದೇನೂ ಅಲ್ಲವೇ ಎಂದು ರಾಯರಿಗೆ ಸ್ವಲ್ಪ ಬೇಜಾರೇ ಆಯಿತು.

ತಮ್ಮ ವಿಷಯ ಹೀಗಿದ್ದರೂ ಬೇರೆಯವರನ್ನು ಅಳೆಯುವಾಗ ರಾಯರ ಟೇಪು ಬಲು ಬಿಗಿ. ಟಿ.ಪಿ. ಕೈಲಾಸಂ ಕತೆಗಳೆಂದರೆ ಅವರಿಗೆ ಪ್ರಾಣ. ನ್ಯಾಯಮೂರ್ತಿಯ ಮಗ ಲಂಡನ್ನಿಗೆ ಹೋಗಿ ಭೂವಿಜ್ಞಾನ ಓದಿದ್ದು, ಬಂದು ಮೈಸೂರು ಸರ್ಕಾರದ ಕೆಲಸ ಬಿಟ್ಟದ್ದು, ನಾಟಕಗಳನ್ನು ಕೂತು ಬರೆಯದೆ ಬಾಯಲ್ಲಿ ಹೇಳಿ ಬರೆಸಿದ್ದು, 1945ರಲ್ಲಿ ಮದರಾಸಿನಲ್ಲಿ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದದ್ದು ಎಲ್ಲವನ್ನೂ ಕಣ್ಣರಳಿಸಿ ಹೇಳುತ್ತಾರೆ. ‘ಅಂಥವರು ಇನ್ನೊಬ್ಬರು ಹುಟ್ಟಲ್ಲ ಸಾರ್!’ ಆದರೆ ಭಾವಮೈದುನನ ಮಗ ಸಾಫ್ಟ್‌ವೇರ್ ಕೆಲಸಕ್ಕೆ ರಾಜೀನಾಮೆ ಕೊಟ್ಟು ನಾಟಕದ ತಂಡ ಸೇರಿದ ಸುದ್ದಿ ಬಂದಾಗ ಅವರು ಕೇಳಿದ್ದು ಒಂದೇ ಮಾತು: ‘ತಲೆ ಸರಿ ಇದೆಯಂತಾ ಅವನಿಗೆ?’ ಕೈಲಾಸಂ ಬೇಕು, ನಮ್ಮ ವಂಶದಲ್ಲಿ ಬೇಡ. ನಾಲ್ಕು ಜನ ಏನೆನ್ನುತ್ತಾರೆ? ಆ ನಾಲ್ಕು ಜನರನ್ನು ಯಾರೂ ಕಂಡಿಲ್ಲ. ಆದರೆ ಭಾವಮೈದುನನ ಮನೆಯಲ್ಲಿ ಆ ಹುಡುಗ ಅಳುಕುವ ನಾಲ್ವರಲ್ಲಿ ಒಬ್ಬರಂತೂ ನಮ್ಮ ರಾಯರೇ.

ಸಿಟ್ಟು ಬಂದಾಗ ಅವರು ‘ನಿಮ್ಹಾನ್ಸ್‌ಗೆ ಸೇರಿಸಬೇಕು’ ಎನ್ನುವುದೂ ಉಂಟು. ಬೆಂಗಳೂರಿನ ಈ ಹಳಸಲು ಜೋಕಿಗೆ ನಗುವವರು ಈಗ ಕಡಿಮೆಯಾಗಿದ್ದಾರೆ, ಆಗಲೇಬೇಕಿತ್ತು. ಕನ್ನಡದ ಹಾಸ್ಯಕ್ಕೂ ಮನಶ್ಶಾಸ್ತ್ರಕ್ಕೂ ಇದಕ್ಕಿಂತ ಒಳ್ಳೆಯ ನಂಟಿದೆ. 1942ರಲ್ಲಿ ‘ಕೊರವಂಜಿ’ ಹಾಸ್ಯಪತ್ರಿಕೆ ಶುರುಮಾಡಿದ ರಾಶಿ ವೃತ್ತಿಯಲ್ಲಿ ವೈದ್ಯರು. ಮನಸ್ಸಿನ ಕಾಯಿಲೆಗಳ ಬಗ್ಗೆ ಅವರು ಬರೆದ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ನಗಿಸುವವರಿಗೂ ಮನಸ್ಸಿಗೆ ಮದ್ದು ಕೊಡುವವರಿಗೂ ನಡುವೆ ಗೋಡೆ ಬೇಕಿಲ್ಲ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ರಾಯರು ಯಾರಿಗೂ ಹೇಳಿಕೊಳ್ಳದ ಒಂದು ಸಂಗತಿಯಿದೆ: ಬೀಗ. ಹಾಕಿದ ಮೇಲೆ ಮೂರು ಸಲ ಜಗ್ಗಬೇಕು. ಗೇಟಿನವರೆಗೆ ಹೋಗಿ, ಗ್ಯಾಸ್ ಆಫ್ ಮಾಡಿದೆನೋ ಇಲ್ಲವೋ ಎಂದು ವಾಪಸ್ ಬಂದು, ನೋಡಿ, ಮತ್ತೆ ಬೀಗ ಹಾಕಿ, ಮತ್ತೆ ಮೂರು ಸಲ. ಜಗತ್ತಿನಲ್ಲಿ ಈ ಹಣೆಬರಹ ತಮಗೊಬ್ಬರಿಗೇ ಎಂದು ಅವರು ಭಾವಿಸಿದ್ದಾರೆ. 2014ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 13 ದೇಶಗಳ 777 ವಿದ್ಯಾರ್ಥಿಗಳನ್ನು, ಬೇಡದ ಯೋಚನೆ ತಾನಾಗಿ ತಲೆಗೆ ನುಗ್ಗುವುದುಂಟೇ ಎಂದು ಕೇಳಿದರು. ಹಿಂದಿನ ಮೂರು ತಿಂಗಳಲ್ಲಿ ಒಮ್ಮೆಯಾದರೂ ಉಂಟು ಎಂದವರು ಶೇ 94. ಅದರಲ್ಲೂ ಮುಂದಿದ್ದದ್ದು ಅನುಮಾನದ ಯೋಚನೆಗಳು, ಬಾಗಿಲು ಹಾಕಿದೆನೋ ಇಲ್ಲವೋ ಎಂಬ ಜಾತಿಯವು. ಇಂಥ ತಪಾಸಣೆಗೆ ದಿನಕ್ಕೆ ಗಂಟೆಗೂ ಮಿಕ್ಕಿ ಹೊತ್ತು ಹೋಗುತ್ತಿದ್ದರೆ, ಅಥವಾ ಅದರಿಂದ ಕೆಲಸ ಸಂಸಾರ ಕೆಡುತ್ತಿದ್ದರೆ ಮನೋವೈದ್ಯರು ಅದನ್ನು ಕಾಯಿಲೆಯೆಂದು ನೋಡುತ್ತಾರೆ, ಅದಕ್ಕೆ ಚಿಕಿತ್ಸೆಯೂ ಇದೆ. ರಾಯರದ್ದು ಐದು ನಿಮಿಷದ ಕೆಲಸ.

ಈ ಐದು ನಿಮಿಷವನ್ನು ರಾಯರ ಪತ್ನಿ ಮೊದಲೇ ಕಳೆದಿಟ್ಟಿರುತ್ತಾರೆ. ಆರಕ್ಕೆ ಹೊರಡಬೇಕಾದರೆ ಐದೂ ಐವತ್ತೈದಕ್ಕೆ ‘ಆರಾಯ್ತು’ ಎನ್ನುತ್ತಾರೆ. ಗಂಡ ಬೀಗದ ಬಳಿ ಇರುವಷ್ಟು ಹೊತ್ತು ಆಕೆಗೂ ಕೆಲಸವಿದೆ: ಬೋರಲು ಬಿದ್ದ ಚಪ್ಪಲಿ ಕಂಡರೆ ಆಕೆ ಸುಮ್ಮನಿರಲಾರರು, ಮನೆಯಲ್ಲಿ ಜಗಳವಾಗುತ್ತದಂತೆ. ತಮ್ಮ ಮನೆಯದ್ದಷ್ಟೇ ಅಲ್ಲ, ಕಲ್ಯಾಣ ಮಂಟಪದ ಬಾಗಿಲಲ್ಲಿ ಊರವರ ಚಪ್ಪಲಿಗಳನ್ನೂ ಕಾಲ್ಬೆರಳಿನಿಂದ ನೆಟ್ಟಗೆ ಮಾಡಿಯೇ ಒಳಗೆ ಹೋಗುವುದು. ರಾಯರು ಅಲ್ಲಿ ಬೇರೆ ಕಡೆ ನೋಡುತ್ತ ಕಾಯುತ್ತಾರೆ. ಇಷ್ಟು ವರ್ಷದಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ‘ಯಾಕೆ ಹೀಗೆ’ ಎಂದು ಕೇಳಿಲ್ಲ. ಅವರ ಸಂಸಾರ ಚೆನ್ನಾಗಿಯೇ ನಡೆದಿದೆ.

ನಿಮ್ಮ ಬೀದಿಯಲ್ಲೂ ರಾಯರಿದ್ದರೆ ಒಂದು ವಿನಂತಿ. ಅವರು ಬೀಗ ಜಗ್ಗುವಾಗ ಗೇಟಿನಾಚೆಯಿಂದ ‘ಏನ್ ಸಾರ್, ಎಲ್ಲಿಗೆ ಹೊರಟ್ರಿ?’ ಎಂದು ಕೂಗಬೇಡಿ. ಎಣಿಕೆ ತಪ್ಪಿ ಮತ್ತೆ ಒಂದರಿಂದ ಶುರುಮಾಡುವುದಿರಲಿ, ಹೊರಟವರನ್ನು ಎಲ್ಲಿಗೆ ಎಂದು ಕೇಳಿದ್ದಕ್ಕೆ ಬಾಗಿಲು ತೆಗೆದು ಒಳಗೆ ಹೋಗಿ, ಎರಡು ನಿಮಿಷ ಕೂತು, ನೀರು ಕುಡಿದು ಬರಬೇಕಾಗುತ್ತದೆ. ಅಷ್ಟರಲ್ಲಿ ಅವರ ಬಸ್ಸು ಹೊರಟುಹೋಗಿರುತ್ತದೆ.